ಮಲಗುವ ಹೊತ್ತಿಗೆ ಬಂದ ರಿಕ್ವೆಸ್ಟ್: ಫ್ರೀಜ್, ಕ್ವಿಯೆಸ್, ಪಿಎಂ-ಓನ್ಲಿ, ಯಾವಾಗ ಯಾವುದು?

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುತ್ತೀರಿ. ಅದೇ ಹೊತ್ತಿಗೆ ನಾಲ್ಕು ಪುಟ ಡಿಸ್ಕಿಗೆ ಬರೆಯುವ ಕೆಲಸ ನಡೆಯುತ್ತಿದೆ. ಎರಡು ಪುಟ ಆಗಲೇ ಡಿಸ್ಕ್ ಸೇರಿವೆ. ಒಂದು ಡಿವೈಸಿನ ಕೈಯಲ್ಲಿದೆ. ಇನ್ನೊಂದು ಇನ್ನೂ ಕ್ಯೂನಲ್ಲಿ ನಿಂತಿದೆ. ಅಷ್ಟರಲ್ಲಿ ಕರ್ನಲ್ ಡ್ರೈವರನ್ನು ಕರೆದು "ಮಲಗು" ಅನ್ನುತ್ತದೆ. ಉಳಿದ ಎರಡು ಪುಟಗಳ ಗತಿ ಏನು?

ಲಿನಕ್ಸ್ ಕರ್ನಲ್‌ಗೆ ಸ್ಟೋರೇಜ್ ಡ್ರೈವರ್ ಬರೆಯುವವರು, ಇರುವ ಡ್ರೈವರಿಗೆ ಸಸ್ಪೆಂಡ್ (ಮಲಗಿಸುವ ಕೋಡ್) ಸೇರಿಸುವವರು, ಅಥವಾ ಬೋರ್ಡ್ ಕಂಪನಿಯಿಂದ ಬಂದ ಕೋಡ್ ಓದಿ ಇದು ಸರಿಯಾ ಅಂತ ನೋಡುವವರು, ಎಲ್ಲರೂ ಈ ಪ್ರಶ್ನೆಯ ಮುಂದೆ ಒಮ್ಮೆ ನಿಲ್ಲುತ್ತಾರೆ. ಬ್ಲಾಕ್ ಲೇಯರ್, ಅಂದರೆ ಫೈಲ್ ಸಿಸ್ಟಂಗೂ ಡ್ರೈವರಿಗೂ ನಡುವೆ ನಿಂತು ಓದು ಬರಹದ ರಿಕ್ವೆಸ್ಟ್‌ಗಳನ್ನು ಸಾಗಿಸುವ ಕರ್ನಲ್ ಪದರ, ಕೈಗೆ ಮೂರು ನಾಲ್ಕು ಸಾಧನ ಕೊಡುತ್ತದೆ. ಹೆಸರುಗಳು ಒಂದೇ ಥರ ಕೇಳಿಸುತ್ತವೆ. ಆದರೆ ಮಾಡುವ ಕೆಲಸ ಬೇರೆ ಬೇರೆ. ತಪ್ಪಾದದ್ದನ್ನು ಆರಿಸಿಕೊಂಡರೆ ನೂರು ಸಲ ಮಲಗಿ ಎದ್ದ ಯಂತ್ರ ನೂರಾ ಒಂದನೇ ಸಲ ಏಳುವುದಿಲ್ಲ. ಆಗ ಲಾಗ್ ಕೂಡ ಸಿಗುವುದಿಲ್ಲ, ಯಾಕೆಂದರೆ ಲಾಗ್ ಬರೆಯಬೇಕಾದ ಡಿಸ್ಕೇ ನಿಂತಿರುತ್ತದೆ.

ಇಲ್ಲಿ ಹೇಳುವುದೆಲ್ಲ ಈಗಿನ ಬ್ಲಾಕ್-ಎಂಕ್ಯೂ, ಅಂದರೆ ಹಲವು ಕ್ಯೂಗಳ ವ್ಯವಸ್ಥೆಗೆ ಸೇರಿದ್ದು. ಅದು 2014ರ ಜನವರಿಯಲ್ಲಿ 3.13 ಆವೃತ್ತಿಯೊಂದಿಗೆ ಬಂತು. 2019ರ 5.0 ಆವೃತ್ತಿಯಲ್ಲಿ ಹಳೆಯ ಒಂಟಿ ಕ್ಯೂ ವ್ಯವಸ್ಥೆಯನ್ನು ಪೂರ್ತಿ ತೆಗೆದುಹಾಕಿದರು.

ಮೊದಲು ಹಿಟ್ಟಿನ ಗಿರಣಿ

ಈ ಹೋಲಿಕೆ ಮುಂದೆ ಪದೇ ಪದೇ ಬರುತ್ತದೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಊರಿನ ಹಿಟ್ಟಿನ ಗಿರಣಿ ನೆನೆಸಿಕೊಳ್ಳಿ. ಸಂಜೆ ಆರಕ್ಕೆ ಕರೆಂಟ್ ಹೋಗುತ್ತದೆ ಅಂತ ಗಿರಣಿಯವರಿಗೆ ಗೊತ್ತು. ಒಳಗೆ ಸಾಲಾಗಿ ಡಬ್ಬಗಳಿವೆ. ಕಲ್ಲಿನ ಮಧ್ಯೆ ಯಾರದೋ ರಾಗಿ ಓಡುತ್ತಿದೆ.

ಅವರು ಹೊರಬಾಗಿಲು ಮುಚ್ಚಿ, ಒಳಗಿರುವ ಡಬ್ಬಗಳನ್ನೆಲ್ಲ ಬೀಸಿ ಮುಗಿಸಬಹುದು. ಹೊಸಬರು ಹೊರಗೆ ಕಾಯುತ್ತಾರೆ. ಇದು ಫ್ರೀಜ್.

ಬಾಗಿಲು ತೆರೆದೇ ಇಟ್ಟು, ಬಂದವರು ಡಬ್ಬ ಸಾಲಿನಲ್ಲಿಡಲಿ ಅಂತ ಬಿಡಬಹುದು. ಆದರೆ ಗಿರಣಿಯ ಬಾಯಿಗೆ ಹೊಸದಾಗಿ ಏನನ್ನೂ ಸುರಿಯುವುದಿಲ್ಲ. ಕಲ್ಲಿನ ಮಧ್ಯೆ ಈಗಾಗಲೇ ಇರುವುದು ತನ್ನ ಪಾಡಿಗೆ ಬೀಸಿಕೊಂಡು ಬೀಳುತ್ತದೆ. ಇದು ಕ್ವಿಯೆಸ್.

ಇಲ್ಲವೇ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ಮೋಟರ್ ರಿಪೇರಿಯವರನ್ನು ಮಾತ್ರ ಒಳಗೆ ಬಿಡಬಹುದು. ಇದು ಪಿಎಂ-ಓನ್ಲಿ (ಪಿಎಂ ಅಂದರೆ ಪವರ್ ಮ್ಯಾನೇಜ್‌ಮೆಂಟ್).

ಒಳಗಿದ್ದದ್ದನ್ನು ಮುಗಿಸುವುದು ಒಂದು ಕೆಲಸ. ಹೊಸದನ್ನು ತಡೆದು ನಿಲ್ಲಿಸುವುದು ಇನ್ನೊಂದು ಕೆಲಸ. ಸಸ್ಪೆಂಡ್ ಕೋಡಿನಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇವೆರಡನ್ನೂ ಒಂದೇ ಅಂದುಕೊಂಡದ್ದರಿಂದ ಹುಟ್ಟಿದವು.

"ಪ್ರೊಸೆಸ್‌ಗಳನ್ನೇ ನಿಲ್ಲಿಸಿದ ಮೇಲೆ ರಿಕ್ವೆಸ್ಟ್ ಎಲ್ಲಿಂದ ಬರುತ್ತೆ?"

ಈ ಪ್ರಶ್ನೆ ಸಹಜ. ಮಲಗುವ ಮುಂಚೆ ಕರ್ನಲ್ ಫೈಲ್ ಸಿಸ್ಟಂಗಳನ್ನು ಸಿಂಕ್ ಮಾಡುತ್ತದೆ. ಆಮೇಲೆ ಪ್ರೊಸೆಸ್‌ಗಳನ್ನು, ನಿಲ್ಲಲು ಒಪ್ಪಿದ ಕರ್ನಲ್ ಥ್ರೆಡ್‌ಗಳನ್ನು ನಿಲ್ಲಿಸುತ್ತದೆ. ಇದಕ್ಕೆ ಮಾಮೂಲಾಗಿ 20 ಸೆಕೆಂಡ್ ಗಡುವು. ಅದಾದ ಮೇಲೇ ಡ್ರೈವರ್‌ಗಳ ಸರದಿ.

ಆದರೂ ಎರಡು ಸಂದು ಉಳಿಯುತ್ತವೆ. ಪ್ರೊಸೆಸ್ ನಿಂತರೂ ಅದು ಆಗಲೇ ಕಳಿಸಿದ ರಿಕ್ವೆಸ್ಟ್ ನಿಲ್ಲುವುದಿಲ್ಲ, ಡಿವೈಸಿನಲ್ಲಿ ಓಡುತ್ತಲೇ ಇರುತ್ತದೆ. ಇನ್ನು, ಎಲ್ಲ ಕರ್ನಲ್ ಥ್ರೆಡ್‌ಗಳೂ ನಿಲ್ಲಲು ಒಪ್ಪಿರುವುದಿಲ್ಲ. ಬೇರೊಂದು ಡ್ರೈವರಿನ ಸಸ್ಪೆಂಡ್ ಕೋಡೇ ಡಿಸ್ಕಿಗೆ ಏನಾದರೂ ಕಳಿಸಬಹುದು. ಆದ್ದರಿಂದ "ಮೇಲಿನವರು ನೋಡಿಕೊಂಡಿದ್ದಾರೆ" ಅಂತ ಡ್ರೈವರ್ ಕೈಕಟ್ಟಿ ಕೂರುವ ಹಾಗಿಲ್ಲ.

ಮಾಡಬಾರದ್ದು ಎರಡು, ಚುಟುಕಾಗಿ ಹೇಳಿಬಿಡುತ್ತೇನೆ. ಮಲಗಿರುವಾಗ ಬಂದ ರಿಕ್ವೆಸ್ಟನ್ನು ಐ/ಓ ಎರರ್ ಎಂದು ವಾಪಸ್ ಕಳಿಸಬೇಡಿ. ಫೈಲ್ ಸಿಸ್ಟಂ ಅದನ್ನು ಡಿಸ್ಕ್ ಕೆಟ್ಟಿದೆ ಎಂದೇ ತಿಳಿಯುತ್ತದೆ. ಜರ್ನಲ್ ನಿಂತುಹೋಗಿ, ಡಿಸ್ಕ್ ಓದಲಷ್ಟೇ ಸಿಗುವ ಸ್ಥಿತಿಗೆ ಬೀಳಬಹುದು. ಇನ್ನೊಂದು, "ಈಗ ಜಾಗ ಇಲ್ಲ, ಆಮೇಲೆ ಬಾ" ಅಂತ ಪ್ರತಿ ಸಲ ಹಿಂದಕ್ಕೆ ತಳ್ಳುವುದು. ಬ್ಲಾಕ್ ಲೇಯರ್ ಸುಮಾರು 3 ಮಿಲಿಸೆಕೆಂಡಿಗೊಮ್ಮೆ ಮತ್ತೆ ಬಂದು ಬಾಗಿಲು ಬಡಿಯುತ್ತಿರುತ್ತದೆ. ಮಲಗಬೇಕಾದ ಪ್ರೊಸೆಸರ್ ಸುಮ್ನೆ ಎಚ್ಚರವಿರುತ್ತದೆ.

ಫ್ರೀಜ್: ಒಳಗಿದ್ದದ್ದು ಮುಗಿಯಲೇಬೇಕು ಅಂದಾಗ

ಪ್ರತಿ ಕ್ಯೂಗೂ ಒಂದು ಬಳಕೆಯ ಎಣಿಕೆ ಇರುತ್ತದೆ. ಒಳಗೆ ಬರುವ ಪ್ರತಿ ರಿಕ್ವೆಸ್ಟ್ ಅದನ್ನು ಒಂದು ಏರಿಸುತ್ತದೆ, ಮುಗಿದಾಗ ಇಳಿಸುತ್ತದೆ. ಫ್ರೀಜ್ ಮಾಡಿದರೆ ಹೊಸಬರು ಬಾಗಿಲಲ್ಲೇ ನಿದ್ದೆಗೆ ಜಾರುತ್ತಾರೆ. ಎಣಿಕೆ ಸೊನ್ನೆಗೆ ಬರುವವರೆಗೆ ಫ್ರೀಜ್ ಮಾಡಿದವರು ಕಾಯುತ್ತಾರೆ. ಡಿವೈಸಿನ ಕೈಯಲ್ಲಿದ್ದದ್ದು, ಕ್ಯೂನಲ್ಲಿ ನಿಂತದ್ದು, ಟ್ಯಾಗ್ (ಪ್ರತಿ ರಿಕ್ವೆಸ್ಟಿಗೂ ಬೇಕಾದ, ಮಿತವಾಗಿ ಸಿಗುವ ಗುರುತಿನ ಸಂಖ್ಯೆ) ಪಡೆದು ಇನ್ನೂ ಹೊರಡದೆ ಇರುವುದು, ಎಲ್ಲವೂ ಮುಗಿಯಬೇಕು.

ಇದರ ದೊಡ್ಡ ಗುಣ ಭರವಸೆ. ಫ್ರೀಜ್ ಮುಗಿಯಿತು ಅಂದರೆ ಒಳಗೆ ಏನೂ ಇಲ್ಲ. ಕ್ಯೂಗಳನ್ನೇ ಅಳಿಸಿ ಮತ್ತೆ ಕಟ್ಟುವ ಡ್ರೈವರಿಗೆ ಇದು ಬೇಕೇ ಬೇಕು.

ಅಪಾಯವೂ ಅಷ್ಟೇ ದೊಡ್ಡದು. ಬಾಗಿಲು ಮುಚ್ಚಿದವರೇ ಮರೆತು ಅದೇ ಬಾಗಿಲಿಗೆ ಬಂದರೆ? ಉದಾಹರಣೆಗೆ ಫ್ರೀಜ್ ಹಿಡಿದುಕೊಂಡಿರುವಾಗ ಕೋಡ್ ಸ್ವಲ್ಪ ಮೆಮೊರಿ ಕೇಳುತ್ತದೆ ಅನ್ನಿ. ಮೆಮೊರಿ ಕಡಿಮೆಯಿದೆ. ಕರ್ನಲ್ ಹಳೆಯ ಪುಟಗಳನ್ನು ಡಿಸ್ಕಿಗೆ ಬರೆದು ಜಾಗ ಮಾಡಲು ಹೋಗುತ್ತದೆ. ಆ ಡಿಸ್ಕ್ ಇದೇ ಆಗಿದ್ದರೆ, ತಾನೇ ಮುಚ್ಚಿದ ಬಾಗಿಲ ಹೊರಗೆ ತಾನೇ ಕಾಯುತ್ತಾ ನಿಲ್ಲುತ್ತದೆ. ಇದು ಊಹೆಯ ಮಾತಲ್ಲ. 2025ರ 6.14 ಆವೃತ್ತಿಯಲ್ಲಿ ಫ್ರೀಜ್ ಫಂಕ್ಷನ್ನಿನ ರೂಪವನ್ನೇ ಬದಲಿಸಿದರು. ಈಗ ಅದು ಫ್ರೀಜ್ ಹಿಡಿದಿರುವಷ್ಟು ಹೊತ್ತು "ಮೆಮೊರಿಗಾಗಿ ಐ/ಓ ಮಾಡಬೇಡ" ಎಂಬ ಗುರುತನ್ನು ತಾನೇ ಹಚ್ಚುತ್ತದೆ. ಹಳೆಯ ಸ್ಥಿತಿಯನ್ನು ನಮ್ಮ ಕೈಗೆ ಕೊಡುತ್ತದೆ, ಫ್ರೀಜ್ ಬಿಡುವಾಗ ಅದನ್ನು ವಾಪಸ್ ಕೊಡಬೇಕು. ಹಳೆಯ ಕರ್ನಲ್‌ಗೆ ಬರೆದ ಡ್ರೈವರನ್ನು ಹೊಸದಕ್ಕೆ ತರುವವರು ಇದನ್ನು ಗಮನಿಸಿ.

ಇನ್ನೊಂದು ಹಳ್ಳವೂ ಇದೆ. ಡ್ರೈವರ್ ರಿಕ್ವೆಸ್ಟ್ ಬದಲು ನೇರವಾಗಿ ಬಯೋಗಳನ್ನೇ (ರಿಕ್ವೆಸ್ಟ್ ಆಗುವ ಮುಂಚಿನ ಐ/ಓ ತುಣುಕುಗಳನ್ನೇ) ತೆಗೆದುಕೊಳ್ಳುವಂಥದ್ದಾದರೆ, ಎಣಿಕೆ ಬಯೋ ಒಪ್ಪಿಸುವವರೆಗೆ ಮಾತ್ರ ಏರಿರುತ್ತದೆ, ಮುಗಿಯುವವರೆಗೆ ಅಲ್ಲ. ಅಲ್ಲಿ ಫ್ರೀಜ್ ಆಯಿತೆಂದರೆ ಕೆಲಸ ಮುಗಿಯಿತು ಅಂತ ಅರ್ಥವಲ್ಲ. ಓಡುತ್ತಿರುವ ಬಯೋಗಳನ್ನು ಡ್ರೈವರ್ ತಾನೇ ಎಣಿಸಿಕೊಳ್ಳಬೇಕು.

ಕ್ವಿಯೆಸ್: ತಡೆದರೆ ಸಾಕು ಅಂದಾಗ

ಕ್ವಿಯೆಸ್ ಬಾಗಿಲು ಮುಚ್ಚುವುದಿಲ್ಲ. ಬ್ಲಾಕ್ ಲೇಯರ್ ಡ್ರೈವರಿಗೆ ರಿಕ್ವೆಸ್ಟ್ ಒಪ್ಪಿಸುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಈಗಾಗಲೇ ಒಪ್ಪಿಸುತ್ತಿರುವ ಕರೆಗಳಿದ್ದರೆ ಅವು ಹೊರಬರುವವರೆಗೆ ಕಾಯುತ್ತದೆ. ಡಿವೈಸಿನಿಂದ ಉತ್ತರ ಬರುವವರೆಗೆ ಕಾಯುವುದಿಲ್ಲ. ಈ ಕೊನೆಯ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಕ್ವಿಯೆಸ್ ಆದ ತಕ್ಷಣ ಡಿವೈಸಿನ ಕರೆಂಟ್ ತೆಗೆದರೆ ಕಲ್ಲಿನ ಮಧ್ಯೆ ಇದ್ದ ರಾಗಿ ಅಲ್ಲೇ ಉಳಿಯುತ್ತದೆ.

ಹಾಗಿದ್ದರೂ ಸಸ್ಪೆಂಡ್‌ನ ಉದ್ದಕ್ಕೂ ಹಿಡಿದಿಡಲು ಇದೇ ಒಳ್ಳೆಯದು. ಹೊಸ ರಿಕ್ವೆಸ್ಟ್ ಒಳಗೆ ಬಂದು ಸಾಲಿನಲ್ಲಿ ಕೂರುತ್ತದೆ. ಅದನ್ನು ಕಳಿಸಿದವರು ಸಾಮಾನ್ಯವಾಗಿ ಬಾಗಿಲಲ್ಲೇ ಸಿಕ್ಕಿಬೀಳುವುದಿಲ್ಲ. ಡ್ರೈವರಿನ ಕೈಗೆ ಹೋಗುವವರೆಗೆ ರಿಕ್ವೆಸ್ಟಿನ ಟೈಮರ್ ಶುರುವಾಗುವುದಿಲ್ಲ, ಆದ್ದರಿಂದ ಸಾಲಿನಲ್ಲಿ ಕೂತದ್ದಕ್ಕೆ ಟೈಮ್‌ಔಟ್ ಆಗುವ ಭಯವಿಲ್ಲ. ರಿಸ್ಯೂಮ್ ಆದಾಗ, ಅಂದರೆ ಯಂತ್ರ ಎದ್ದಾಗ, ಕ್ವಿಯೆಸ್ ತೆಗೆದರೆ ಎಲ್ಲವೂ ಹೊರಡುತ್ತವೆ. 5.16 ಆವೃತ್ತಿಯಿಂದ ಕ್ವಿಯೆಸ್‌ಗೂ ಎಣಿಕೆ ಇದೆ. ಇಬ್ಬರು ಹಾಕಿದರೆ ಇಬ್ಬರೂ ತೆಗೆಯಬೇಕು.

ಮಿತಿ ಟ್ಯಾಗ್‌ಗಳದು. ಸಾಲಿನಲ್ಲಿ ಕೂತ ರಿಕ್ವೆಸ್ಟ್‌ಗಳು ಟ್ಯಾಗ್ ಹಿಡಿದೇ ಕೂತಿರಬಹುದು. ಸಾಟಾ ಡಿಸ್ಕಿನಲ್ಲಿ ಒಮ್ಮೆಗೆ 32 ಆಜ್ಞೆ ಮಾತ್ರ. ಟ್ಯಾಗ್ ಖಾಲಿಯಾದ ಮೇಲೆ ಬಂದವರು ಕಾಯಲೇಬೇಕು.

ಎಂಎಂಸಿ, ಅಂದರೆ ಎಸ್‌ಡಿ ಕಾರ್ಡ್ ಮತ್ತು ಇಎಂಎಂಸಿ, ಇದನ್ನು ಚೆಂದವಾಗಿ ಬಳಸುತ್ತದೆ. ಮೊದಲು ಕ್ಯೂವನ್ನು ಕ್ವಿಯೆಸ್ ಮಾಡುತ್ತದೆ. ಆಮೇಲೆ ಹೋಸ್ಟ್ ಕಂಟ್ರೋಲರನ್ನು ಒಮ್ಮೆ ತನ್ನದಾಗಿ ಹಿಡಿದು ತಕ್ಷಣ ಬಿಡುತ್ತದೆ. ಅಲ್ಲಿ ಬಾಕಿ ರಿಕ್ವೆಸ್ಟ್ ಇರುವಷ್ಟು ಹೊತ್ತು ಹೋಸ್ಟ್ ಬೇರೆಯವರ ಕೈಗೆ ಸಿಗುವುದೇ ಇಲ್ಲ. ಸಿಕ್ಕಿತು ಅಂದರೆ ಬಾಕಿ ಇಲ್ಲ ಅಂತಲೇ ಅರ್ಥ. ಮುಗಿಸುವ ಕೆಲಸಕ್ಕೆ ಡ್ರೈವರಿನಲ್ಲಿ ಇಂಥ ಸ್ವಂತ ದಾರಿ ಇದ್ದರೆ ಫ್ರೀಜ್ ಮುಟ್ಟಬೇಕಾಗಿಯೇ ಇಲ್ಲ.

ವರ್ಟಿಯೋ-ಬ್ಲಾಕ್ ಕಲಿಸಿದ ಪಾಠ

ಈ ವಿಷಯದಲ್ಲಿ ಒಂದೇ ಒಂದು ಉದಾಹರಣೆ ಓದಲು ಸಮಯವಿದ್ದರೆ ಇದನ್ನು ಓದಿ ಅನ್ನುತ್ತೇನೆ. ವರ್ಟಿಯೋ-ಬ್ಲಾಕ್ ಅಂದರೆ ವರ್ಚುವಲ್ ಮಷೀನುಗಳಿಗೆ ಡಿಸ್ಕ್ ತೋರಿಸುವ ಡ್ರೈವರ್. ಸಸ್ಪೆಂಡ್ ಆಗುವಾಗ ಅದು ತನ್ನ ಕ್ಯೂಗಳನ್ನೇ ಅಳಿಸುತ್ತದೆ.

ಮೊದಲು ಅದರಲ್ಲಿ ಕ್ವಿಯೆಸ್ ಮಾತ್ರ ಇತ್ತು. ಹೊಸದು ಬರುವುದಿಲ್ಲ, ಸರಿ. ಆದರೆ ಹೈಪರ್‌ವೈಸರ್ (ವರ್ಚುವಲ್ ಮಷೀನನ್ನು ಓಡಿಸುವ ತಂತ್ರಾಂಶ) ಕಡೆ ಹೋಗಿ ಇನ್ನೂ ಉತ್ತರ ಬಾರದ ರಿಕ್ವೆಸ್ಟ್ ಉಳಿದಿರುವಾಗಲೇ ಕ್ಯೂ ಅಳಿಸಿಹೋಗಬಹುದಿತ್ತು. 2024ರಲ್ಲಿ ಅದನ್ನು ಸರಿಪಡಿಸಲು ಕ್ವಿಯೆಸ್ ತೆಗೆದು ಫ್ರೀಜ್ ಹಾಕಿದರು. ಸಸ್ಪೆಂಡ್‌ನಲ್ಲಿ ಫ್ರೀಜ್, ರಿಸ್ಯೂಮ್‌ನಲ್ಲಿ ಬಿಡುಗಡೆ. ಒಳಗಿದ್ದದ್ದೆಲ್ಲ ಮುಗಿಯುತ್ತದೆ, ನೋಡಲು ಎಷ್ಟು ಸರಳ ಅಲ್ವಾ?

ಆದರೆ ಈಗ ಯಂತ್ರದ ಪೂರ್ತಿ ನಿದ್ದೆಯ ಉದ್ದಕ್ಕೂ ಬಾಗಿಲು ಮುಚ್ಚಿಯೇ ಇತ್ತು. ಅದರ ಮಧ್ಯೆ ಬೇರೆ ಎಷ್ಟೋ ಡ್ರೈವರ್‌ಗಳ ಸಸ್ಪೆಂಡ್ ಕೋಡ್ ಓಡುತ್ತದೆ. ಅದರಲ್ಲಿ ಯಾವುದಾದರೂ ಈ ಡಿಸ್ಕಿನ ಬಾಗಿಲಿಗೆ ಬಂದರೆ ಡೆಡ್‌ಲಾಕ್, ಒಬ್ಬರಿಗೊಬ್ಬರು ಕಾಯುತ್ತಾ ಯಾರೂ ಮುಂದೆ ಹೋಗದ ಸ್ಥಿತಿ. ಅದೇ ಹೊತ್ತಿಗೆ 6.13 ಆವೃತ್ತಿಗಾಗಿ ಬ್ಲಾಕ್ ಲೇಯರಿನಲ್ಲಿ ಇನ್ನೊಂದು ಒಳ್ಳೆಯ ಕೆಲಸ ನಡೆಯಿತು. ಫ್ರೀಜನ್ನು ಒಂದು ಲಾಕ್ ಇದ್ದ ಹಾಗೆ ಲಾಕ್‌ಡೆಪ್‌ಗೆ, ಅಂದರೆ ಡೆಡ್‌ಲಾಕ್ ಸಾಧ್ಯತೆಯನ್ನು ಮೊದಲೇ ಹುಡುಕುವ ಕರ್ನಲ್ ಸಾಧನಕ್ಕೆ, ಪರಿಚಯಿಸಿದರು. ಕೂಡಲೇ ವರ್ಟಿಯೋ-ಬ್ಲಾಕ್‌ನ ಸಸ್ಪೆಂಡ್ ಬಗ್ಗೆ ಎಚ್ಚರಿಕೆ ಬಂತು.

2024ರ ಕೊನೆಯಲ್ಲಿ ಬಂದ ಪರಿಹಾರ ಮೂರು ಸಾಲಿನದು: ಫ್ರೀಜ್ ಮಾಡು, ಕ್ವಿಯೆಸ್ ಮಾಡು, ಫ್ರೀಜ್ ಬಿಡು. ಫ್ರೀಜ್ ಇರುವುದು ಒಳಗಿದ್ದದ್ದನ್ನು ಖಾಲಿ ಮಾಡಲು ಮಾತ್ರ, ಒಂದು ಗಳಿಗೆಗೆ. ತಡೆದು ನಿಲ್ಲಿಸುವ ಕೆಲಸ ಕ್ವಿಯೆಸ್‌ದು, ಸಸ್ಪೆಂಡ್‌ನ ಉದ್ದಕ್ಕೂ. ಇಲ್ಲಿ ಕ್ವಿಯೆಸ್‌ನ ಕಾಯದ ರೂಪವನ್ನೇ ಬಳಸಿದ್ದಾರೆ. ಫ್ರೀಜ್ ಆಗಿ ಕ್ಯೂ ಖಾಲಿಯಿದೆ, ಒಪ್ಪಿಸುವ ಕರೆ ಯಾವುದೂ ಓಡುತ್ತಿಲ್ಲ, ಇನ್ನು ಕಾಯುವುದು ಯಾರಿಗಾಗಿ?

ಈ ಕ್ರಮವನ್ನು ತಿರುಗಿಸಬೇಡಿ. ಮೊದಲು ಕ್ವಿಯೆಸ್ ಮಾಡಿ ಆಮೇಲೆ ಫ್ರೀಜ್‌ಗೆ ಕಾದರೆ, ಸಾಲಿನಲ್ಲಿ ಕೂತ ರಿಕ್ವೆಸ್ಟ್ ಎಂದಿಗೂ ಹೊರಡುವುದಿಲ್ಲ, ಎಣಿಕೆ ಎಂದಿಗೂ ಸೊನ್ನೆಯಾಗುವುದಿಲ್ಲ. ಗಿರಣಿಯ ಬಾಯಿ ಮುಚ್ಚಿ ಡಬ್ಬ ಖಾಲಿಯಾಗಲಿ ಅಂತ ಕಾದಂತೆ.

ಹೊಸ ಡ್ರೈವರಿಗೆ ನನ್ನ ಮೊದಲ ಸಲಹೆ ಈ ಮೂರು ಸಾಲೇ. ಆದರೆ ಒಂದು ಷರತ್ತಿದೆ.

ಮಲಗು ಅನ್ನುವ ಆಜ್ಞೆ ಯಾವ ದಾರಿಯಲ್ಲಿ ಹೋಗುತ್ತದೆ?

ಆರಿಸಿಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ವರ್ಟಿಯೋ-ಬ್ಲಾಕ್‌ಗೆ ಡಿಸ್ಕಿಗೆ ಯಾವ ಆಜ್ಞೆಯನ್ನೂ ಕಳಿಸಬೇಕಾಗಿಲ್ಲ. ಎನ್‌ವಿಎಂಇಗೆ (ಪಿಸಿಐ ಮೂಲಕ ಜೋಡಿಸುವ ಎಸ್‌ಎಸ್‌ಡಿಗಳಿಗೆ) ಆಡಳಿತದ ಆಜ್ಞೆಗಳಿಗೆಂದೇ ಬೇರೆ ಕ್ಯೂ ಇದೆ. ಎಂಎಂಸಿ ತನ್ನ ನಿದ್ದೆಯ ಆಜ್ಞೆಯನ್ನು ಬ್ಲಾಕ್ ಕ್ಯೂ ಮುಟ್ಟದೆ ನೇರವಾಗಿ ಕಾರ್ಡಿಗೆ ಕಳಿಸುತ್ತದೆ. ಇವುಗಳಲ್ಲಿ ಓದುವ ಬರೆಯುವ ಕ್ಯೂವನ್ನು ನಿಶ್ಚಿಂತೆಯಿಂದ ಕಟ್ಟಿಹಾಕಬಹುದು.

ಸ್ಕಸಿ (ಸಾಟಾ, ಯುಎಸ್‌ಬಿ ಡಿಸ್ಕುಗಳನ್ನೂ ನಡೆಸುವ ಕರ್ನಲ್ ಪದರ) ಹಾಗಲ್ಲ. ಡಿಸ್ಕ್ ನಿಲ್ಲಿಸುವ ಮುಂಚೆ ಕ್ಯಾಶ್ ಖಾಲಿ ಮಾಡುವ ಆಜ್ಞೆ ಹೋಗಬೇಕು, ಆಮೇಲೆ ಸ್ಟಾರ್ಟ್-ಸ್ಟಾಪ್ ಯುನಿಟ್ ಆಜ್ಞೆ ಹೋಗಬೇಕು. ಎರಡೂ ಹೋಗುವುದು ಮಾಮೂಲಿ ಓದು ಬರಹದ ಅದೇ ಕ್ಯೂನಲ್ಲಿ. ಕ್ವಿಯೆಸ್ ಮಾಡಿದರೆ ಇವೂ ನಿಲ್ಲುತ್ತವೆ. ಫ್ರೀಜ್ ಹಿಡಿದರೆ ಇವೂ ಬಾಗಿಲಲ್ಲಿ ಕಾಯುತ್ತವೆ. ರಿಪೇರಿಯವರನ್ನು ಕರೆಸಿ ಬಾಗಿಲು ಹಾಕಿಕೊಂಡ ಹಾಗೆ.

ಇದಕ್ಕೇ ಪಿಎಂ-ಓನ್ಲಿ. ಕ್ಯೂಗೆ ಈ ಗುರುತು ಹಾಕಿದರೆ, ಪಿಎಂ ಗುರುತಿರುವ ರಿಕ್ವೆಸ್ಟ್ ಮಾತ್ರ ಒಳಗೆ ಬರುತ್ತದೆ. ಬೇರೆಯವು ಟ್ಯಾಗ್ ಪಡೆಯುವ ಮುಂಚೆಯೇ ಹೊರಗೆ ನಿಲ್ಲುತ್ತವೆ.

"ಮುಂಚೆಯೇ" ಅನ್ನುವ ಆ ಪದಕ್ಕೆ ಬಹಳ ಬೆಲೆ ತೆತ್ತಿದ್ದಾರೆ. 2018ರ ಜನವರಿಯ 4.15 ಆವೃತ್ತಿಗೆ ಮುಂಚೆ ಸ್ಕಸಿ ಪದರ ಮಾಮೂಲಿ ರಿಕ್ವೆಸ್ಟನ್ನು ಒಳಗೆ ಬಿಟ್ಟು, ಆಮೇಲೆ "ನೀನು ಈಗ ಹೋಗುವ ಹಾಗಿಲ್ಲ" ಅಂತ ತಡೆಯುತ್ತಿತ್ತು. ಅಷ್ಟರಲ್ಲಿ ಅವು ಜಾಗ ಹಿಡಿದಿರುತ್ತಿದ್ದವು. ಜಾಗವೆಲ್ಲ ತುಂಬಿದರೆ ಡಿಸ್ಕನ್ನು ನಿಲ್ಲಿಸುವ ಅಥವಾ ಎಬ್ಬಿಸುವ ಆಜ್ಞೆಗೇ ಜಾಗವಿಲ್ಲ. ಡಿಸ್ಕ್ ಏಳದೆ ಜಾಗ ಖಾಲಿಯಾಗದು, ಜಾಗ ಖಾಲಿಯಾಗದೆ ಡಿಸ್ಕ್ ಏಳದು. ಡಬ್ಬಗಳು ಬಾಗಿಲವರೆಗೆ ತುಂಬಿ ರಿಪೇರಿಯವರು ಒಳಗೆ ಕಾಲಿಡಲಾಗದಂತೆ. 4.15ರಲ್ಲಿ ತಡೆಯುವ ಜಾಗವನ್ನೇ ಬಾಗಿಲಿಗೆ ತಂದರು.

ಆಗ ಆ ಗುರುತಿನ ಹೆಸರು ಪ್ರಿಎಂಪ್ಟ್ ಅಂತ ಇತ್ತು. ಪವರ್‌ಗೆ ಸಂಬಂಧವೇ ಇಲ್ಲದ ಕೆಲಸಗಳೂ ಅದೇ ಗುರುತು ಹಚ್ಚಿಕೊಂಡು ಒಳಗೆ ನುಗ್ಗುತ್ತಿದ್ದವು. 2021ರ 5.11ರಲ್ಲಿ ಅದನ್ನು ಬಿಟ್ಟು ಪಿಎಂ ಎಂಬ ಗುರುತನ್ನು ಪವರ್ ಕೆಲಸಕ್ಕೆಂದೇ ಇಟ್ಟರು. ಹಳೆಯ ಲೇಖನಗಳಲ್ಲಿ ಪ್ರಿಎಂಪ್ಟ್ ಅಂತ ಕಂಡರೆ ಗೊಂದಲ ಬೇಡ.

ಈಗಿನ ಸ್ಕಸಿ ಕೋಡ್ ಸಸ್ಪೆಂಡ್‌ಗೆ ಏನು ಮಾಡುತ್ತದೆ ನೋಡಿ. ಪಿಎಂ-ಓನ್ಲಿ ಗುರುತು ಹಾಕುತ್ತದೆ, ಫ್ರೀಜ್ ಮಾಡುತ್ತದೆ, ಗುರುತು ಎಲ್ಲ ಪ್ರೊಸೆಸರ್‌ಗಳಿಗೂ ಕಾಣುವವರೆಗೆ ಒಂದು ಆರ್‌ಸಿಯು (ಕರ್ನಲ್‌ನ ಲಾಕ್ ಇಲ್ಲದೆ ಓದುವ ವ್ಯವಸ್ಥೆ) ಅವಧಿ ಕಾಯುತ್ತದೆ, ಫ್ರೀಜ್ ಬಿಡುತ್ತದೆ. ಮತ್ತದೇ ಆಕಾರ! ಫ್ರೀಜ್ ಒಂದು ಗಳಿಗೆ, ಖಾಲಿ ಮಾಡಲು. ಹಿಡಿದಿಡುವುದು ಬೇರೆಯದು. ವರ್ಟಿಯೋದಲ್ಲಿ ಕ್ವಿಯೆಸ್, ಇಲ್ಲಿ ಪಿಎಂ-ಓನ್ಲಿ.

ಹಳೆಯ ಐಡಿಇ ಡ್ರೈವರ್ ಇದನ್ನು ಬೇರೆ ರೀತಿ ಮಾಡುತ್ತಿತ್ತು. ಸಸ್ಪೆಂಡನ್ನೇ ಒಂದು ವಿಶೇಷ ರಿಕ್ವೆಸ್ಟ್ ಮಾಡಿ ಕ್ಯೂಗೆ ಹಾಕುತ್ತಿತ್ತು. ಅದು ಹಂತ ಹಂತವಾಗಿ ಹೋಗುತ್ತಿತ್ತು: ಕ್ಯಾಶ್ ಖಾಲಿ, ಆಮೇಲೆ ಸ್ಟ್ಯಾಂಡ್‌ಬೈ. ಏಳುವಾಗ ಪಿಐಓ ಸರಿಪಡಿಸು, ಎಬ್ಬಿಸು, ಡಿಎಂಎ ಸರಿಪಡಿಸು (ಪಿಐಓ, ಡಿಎಂಎ ಎರಡೂ ಡೇಟಾ ಸಾಗಿಸುವ ವಿಧಾನಗಳು). ಒಂದೇ ಕ್ಯೂ, ಒಮ್ಮೆಗೆ ಒಂದೇ ಆಜ್ಞೆ ಇದ್ದ ಕಾಲಕ್ಕೆ ಅದು ಅಚ್ಚುಕಟ್ಟಾದ ವಿನ್ಯಾಸ. ಸಾಲಿನ ಕ್ರಮವೇ ಕಾವಲು. ಹತ್ತಾರು ಕ್ಯೂ ಇರುವ ಡಿವೈಸಿನಲ್ಲಿ ಒಂದು ರಿಕ್ವೆಸ್ಟ್ ಎಲ್ಲರ ಹಿಂದೆ ಇದೆ ಅಂತ ಹೇಳಲಾಗುವುದಿಲ್ಲ, ಹಾಗಾಗಿ ಅದು ಈಗ ನಡೆಯದು. 2021ರ 5.14ರಲ್ಲಿ ಐಡಿಇ ಪದರವೇ ಕರ್ನಲ್‌ನಿಂದ ಹೊರಹೋಯಿತು.

ಯಂತ್ರ ಎಚ್ಚರವಿದ್ದು ಡಿಸ್ಕ್ ಮಾತ್ರ ಮಲಗುವುದಾದರೆ

ರನ್‌ಟೈಮ್ ಪಿಎಂನಲ್ಲಿ ಲೆಕ್ಕವೇ ಬೇರೆ. ಇಲ್ಲಿ ಪ್ರೊಸೆಸ್‌ಗಳೆಲ್ಲ ಓಡುತ್ತಿವೆ. ರಿಕ್ವೆಸ್ಟ್ ಯಾವ ಗಳಿಗೆಯಲ್ಲೂ ಬರಬಹುದು. ಬಂದರೆ ಡಿಸ್ಕನ್ನು ಎಬ್ಬಿಸಬೇಕು, ರಿಕ್ವೆಸ್ಟನ್ನು ತಡೆಯುವುದು ಇಲ್ಲಿ ಗುರಿಯೇ ಅಲ್ಲ.

ಆದ್ದರಿಂದ ಬ್ಲಾಕ್ ಲೇಯರಿನ ರನ್‌ಟೈಮ್ ಕೋಡ್ ಕಾಯುವುದಿಲ್ಲ, ಇಣುಕಿ ನೋಡುತ್ತದೆ. ಪಿಎಂ-ಓನ್ಲಿ ಹಾಕುತ್ತದೆ, ಫ್ರೀಜ್ ಶುರು ಮಾಡುತ್ತದೆ, ಎಣಿಕೆ ಸೊನ್ನೆ ಇದೆಯಾ ಅಂತ ಕೇಳುತ್ತದೆ. ಇದ್ದರೆ ಮಲಗಬಹುದು. ಒಂದೇ ಒಂದು ರಿಕ್ವೆಸ್ಟ್ ಇದ್ದರೂ "ಬಿಡುವಿಲ್ಲ" ಎಂಬ ಉತ್ತರ ಕೊಟ್ಟು, ಗುರುತು ತೆಗೆದು ಹಿಂದೆ ಸರಿಯುತ್ತದೆ. ಎರಡೂ ಕಡೆ ಫ್ರೀಜನ್ನು ಕೂಡಲೇ ಬಿಡುತ್ತದೆ. ಸಿಸ್ಟಂ ಸಸ್ಪೆಂಡ್‌ಗೆ ಬರೆದ "ಮುಗಿಯುವವರೆಗೆ ಕಾಯಿ" ಎಂಬ ಕೋಡನ್ನೇ ರನ್‌ಟೈಮ್‌ಗೂ ಅಂಟಿಸಿದರೆ, ಕೆಲಸ ಮಾಡುತ್ತಿರುವ ಡಿಸ್ಕನ್ನು ಬಲವಂತವಾಗಿ ಮಲಗಿಸಿ ತಕ್ಷಣ ಎಬ್ಬಿಸುವ ಡ್ರೈವರ್ ಸಿಗುತ್ತದೆ.

ಮಲಗಿದ ಮೇಲೆ ಮಾಮೂಲಿ ರಿಕ್ವೆಸ್ಟ್ ಬಂದರೆ ಅದು ಬಾಗಿಲಲ್ಲಿ ನಿಂತು, ಡಿಸ್ಕನ್ನು ಎಬ್ಬಿಸಿ ಅಂತ ಹೇಳಿ ಕಾಯುತ್ತದೆ. ಡ್ರೈವರಿನ ರಿಸ್ಯೂಮ್ ಕೋಡ್ ಓಡುತ್ತದೆ. ಅದು ಡಿಸ್ಕಿಗೆ ಕಳಿಸುವ ಆಜ್ಞೆಗೆ ಪಿಎಂ ಗುರುತು ಹಚ್ಚಲು ಮರೆತರೆ? ಆ ಆಜ್ಞೆಯೂ ಬಾಗಿಲಲ್ಲಿ ನಿಂತು ಡಿಸ್ಕ್ ಏಳಲಿ ಅಂತ ಕಾಯುತ್ತದೆ, ಎಬ್ಬಿಸಬೇಕಾದದ್ದು ತಾನೇ ಆಗಿದ್ದರೂ. ರನ್‌ಟೈಮ್ ಕೋಡ್ ಪರಿಶೀಲಿಸುವಾಗ ನಾನು ಮೊದಲು ಹುಡುಕುವುದು ಇದನ್ನೇ. ರಿಸ್ಯೂಮ್ ದಾರಿಯಲ್ಲಿ ಹೊರಡುವ ಪ್ರತಿ ಆಜ್ಞೆಯ ಮೇಲೂ ಗುರುತಿದೆಯಾ? ಎರರ್ ಬಂದಾಗ ಮಾತ್ರ ಹೊರಡುವ ಆಜ್ಞೆಗಳ ಮೇಲೂ ಇದೆಯಾ?

ತಿರುಗುವ ಡಿಸ್ಕಿಗೆ ರನ್‌ಟೈಮ್ ಹಾಕುವ ಮುಂಚೆ ಇನ್ನೊಂದು ಲೆಕ್ಕ ಮಾಡಿ. ಹೆಚ್ಚಿನ ಡಿಸ್ಕುಗಳ ಮಾಹಿತಿ ಹಾಳೆಯಲ್ಲಿ ಹೆಡ್ ಇಳಿಸಿ ಏರಿಸುವ ಮಿತಿ 3 ಲಕ್ಷ ಅಥವಾ 6 ಲಕ್ಷ ಅಂತ ಇರುತ್ತದೆ. ನಿಮಿಷಕ್ಕೊಮ್ಮೆ ಮಲಗಿ ಎದ್ದರೆ ದಿನಕ್ಕೆ 1,440 ಸಲ. 3 ಲಕ್ಷ ಮುಗಿಯಲು ಸುಮಾರು 7 ತಿಂಗಳು ಸಾಕು. ಬ್ಲಾಕ್ ಲೇಯರ್ ಆಟೋಸಸ್ಪೆಂಡ್ ಗಡುವನ್ನು ತಾನಾಗಿ -1 ಎಂದೇ ಇಟ್ಟಿರುವುದು, ಅಂದರೆ ಬಳಕೆದಾರ ಹೇಳುವವರೆಗೆ ಮಲಗಿಸದೆ ಇರುವುದು, ನನಗೆ ಸರಿಯಾದ ನಿರ್ಧಾರ ಅನ್ನಿಸುತ್ತದೆ.

ಎನ್‌ವಿಎಂಇ: ಪೂರ್ತಿ ಆರಿಸುವುದಾ, ಮಂಪರಿನಲ್ಲಿಡುವುದಾ?

ಇಲ್ಲಿ ರಿಕ್ವೆಸ್ಟ್ ತಡೆಯುವ ವಿಧಾನಕ್ಕಿಂತ ಮುಂಚೆ ಇನ್ನೊಂದು ಆಯ್ಕೆ ಬರುತ್ತದೆ. ಎನ್‌ವಿಎಂಇ ಡಿವೈಸ್ ತಾನೇ ಹಲವು ಪವರ್ ಹಂತಗಳನ್ನು ಹೇಳಿಕೊಳ್ಳಬಲ್ಲದು, ಗರಿಷ್ಠ 32. ಕೆಲಸವಿಲ್ಲದಾಗ ತಾನಾಗಿ ಕೆಳಗಿನ ಹಂತಕ್ಕೆ ಇಳಿಯುವ ಸೌಲಭ್ಯವನ್ನು ಲಿನಕ್ಸ್ 2017ರ 4.11ರಿಂದ ಬಳಸುತ್ತದೆ. ಯಂತ್ರ ಎಚ್ಚರವಿರುವಾಗ ಅದು ಹಾಗೆ ಇಳಿಯುತ್ತದೆ, ಏರುತ್ತದೆ. ಡ್ರೈವರ್ ರಿಕ್ವೆಸ್ಟ್‌ಗಳನ್ನು ತಡೆಯುವ ಗೋಜೇ ಇಲ್ಲ. ಡಿವೈಸಿಗೆ ಈ ಬುದ್ಧಿ ಇದ್ದರೆ ಅದಕ್ಕೇ ಬಿಡಿ.

ಯಂತ್ರವೇ ಮಲಗುವಾಗ ಡ್ರೈವರ್ ಕೆಲವು ಪ್ರಶ್ನೆ ಕೇಳಿಕೊಳ್ಳುತ್ತದೆ. ಸಸ್ಪೆಂಡ್ ಫರ್ಮ್‌ವೇರ್ ಮೂಲಕ ಆಗುತ್ತಿದೆಯಾ? ಆಗ ಕರೆಂಟ್ ಪೂರ್ತಿ ಹೋಗಬಹುದು, ಡಿವೈಸನ್ನು ಶಾಸ್ತ್ರೋಕ್ತವಾಗಿ ಮುಚ್ಚಬೇಕು. ಡಿವೈಸಿಗೆ ಒಂದೇ ಪವರ್ ಹಂತ ಇದೆಯಾ? ಆಗಲೂ ಮುಚ್ಚಬೇಕು. ಪಿಸಿಐ ಲಿಂಕಿನ ಎಎಸ್‌ಪಿಎಂ (ಲಿಂಕ್ ತಾನಾಗಿ ಕಡಿಮೆ ಪವರ್‌ಗೆ ಇಳಿಯುವ ಸೌಲಭ್ಯ) ಬಂದ್ ಆಗಿದೆಯಾ? ಆಗಲೂ ಮುಚ್ಚಬೇಕು, ಇಲ್ಲದಿದ್ದರೆ ಲಿಂಕ್ ಎಚ್ಚರವಿದ್ದು ಇಡೀ ಯಂತ್ರದ ನಿದ್ದೆ ಕೆಡುತ್ತದೆ. ಇವು ಯಾವುದೂ ಇಲ್ಲದಿದ್ದರೆ, ಅಂದರೆ ಸಸ್ಪೆಂಡ್-ಟು-ಐಡಲ್ (ಫರ್ಮ್‌ವೇರ್ ಕೈಗೆ ಕೊಡದೆ ಯಂತ್ರವನ್ನು ಮಂಪರಿನಲ್ಲಿಡುವ ನಿದ್ದೆ) ಆಗಿದ್ದರೆ, 2019ರ 5.3ರಿಂದ ಡ್ರೈವರ್ ಡಿವೈಸನ್ನು ಮುಚ್ಚದೆ ಕಡಿಮೆ ಪವರ್ ಹಂತಕ್ಕೆ ಇಳಿಸುತ್ತದೆ. ಏಳುವುದು ಬೇಗ.

ಈ ಎರಡನೇ ದಾರಿಯಲ್ಲೂ ಅದೇ ಆಕಾರ ಕಾಣುತ್ತದೆ. ಫ್ರೀಜ್, ಖಾಲಿಯಾಗಲು ಕಾಯುವುದು, ಆಡಳಿತದ ಕ್ಯೂ ಮೂಲಕ ಪವರ್ ಹಂತ ಬದಲಿಸುವುದು, ಫ್ರೀಜ್ ಬಿಡುವುದು. ಡಿವೈಸ್ ಯಂತ್ರದ ಮೆಮೊರಿಯನ್ನು ಎರವಲು ಪಡೆದಿದ್ದರೆ ಅದನ್ನೂ ಮುಂಚೆಯೇ ವಾಪಸ್ ಪಡೆಯುತ್ತದೆ. ಯಾಕೆಂದರೆ ಮಂಪರಿನಲ್ಲೂ ಡಿವೈಸ್ ಆ ಮೆಮೊರಿ ಮುಟ್ಟಬಹುದು ಅಂತ ನಿಯಮವೇ ಹೇಳುತ್ತದೆ. ಮಲಗಿದ ಯಂತ್ರದಲ್ಲಿ ಆ ಮೆಮೊರಿ ಸಿಗುತ್ತದೆ ಅಂತ ನಂಬಲಾಗುವುದಿಲ್ಲ.

ಪೂರ್ತಿ ಮುಚ್ಚುವ ದಾರಿ ನನ್ನ ಸಲಹೆಗೆ ಒಂದು ಅಪವಾದ. ಅಲ್ಲಿ ಡಿವೈಸ್ ರೀಸೆಟ್ ಆಗಿ ಏಳುವವರೆಗೆ ಫ್ರೀಜ್ ಹಿಡಿದೇ ಇರುತ್ತದೆ. ಎದ್ದ ಮೇಲೆ ಕ್ಯೂಗಳ ಸಂಖ್ಯೆಯೇ ಬೇರೆಯಾಗಿರಬಹುದು. ಹಳೆಯ ಲೆಕ್ಕದಲ್ಲಿ ಒಳಗೆ ಕೂತ ರಿಕ್ವೆಸ್ಟ್ ಇದ್ದರೆ ಅದು ಅನಾಥ. ನಿಮ್ಮ ಡಿವೈಸೂ ಹೀಗೆ ಏಳುವಾಗ ಆಕಾರ ಬದಲಿಸುವಂಥದ್ದಾದರೆ ಮಾತ್ರ ಫ್ರೀಜ್ ಹಿಡಿದಿಡಿ. ಅಲ್ಲಿಯೂ ಎನ್‌ವಿಎಂಇ ಖಾಲಿಯಾಗಲು ಅನಂತವಾಗಿ ಕಾಯುವುದಿಲ್ಲ, ಗಡುವಿಟ್ಟು ಕಾಯುತ್ತದೆ. ಸತ್ತ ಡಿವೈಸಿನ ಉತ್ತರಕ್ಕೆ ಇಡೀ ಯಂತ್ರ ಕಾಯಬಾರದಲ್ಲ.

ಹೈಬರ್ನೇಟ್ ಬಗ್ಗೆ ಒಂದು ಮಾತು

ಹೈಬರ್ನೇಟ್‌ನಲ್ಲಿ ಡ್ರೈವರನ್ನು ಎರಡು ಸಲ ನಿಲ್ಲಿಸುತ್ತಾರೆ. ಮೊದಲು ಮೆಮೊರಿಯ ಚಿತ್ರ ತೆಗೆಯಲು, ಆಮೇಲೆ ಆ ಚಿತ್ರವನ್ನು ಡಿಸ್ಕಿಗೆ ಬರೆದು ಆರಿಸಲು. ಮೊದಲ ಸಲ ಡಿಸ್ಕಿನ ತಿರುಗುವಿಕೆ ನಿಲ್ಲಿಸುವುದು ಬೇಡ, ಕೂಡಲೇ ಅದೇ ಡಿಸ್ಕಿಗೆ ಬರೆಯಬೇಕಾಗುತ್ತದೆ. ರಿಕ್ವೆಸ್ಟ್ ನಿಲ್ಲಿಸಿದರೆ ಸಾಕು. ಚಿತ್ರ ತೆಗೆದ ಮೇಲೆ ಫೈಲ್ ಸಿಸ್ಟಂನ ಒಂದಕ್ಷರವೂ ಡಿಸ್ಕಿನಲ್ಲಿ ಬದಲಾಗಬಾರದು. ಬದಲಾದರೆ ಎದ್ದ ಯಂತ್ರದ ನೆನಪೂ ಡಿಸ್ಕೂ ಬೇರೆ ಬೇರೆ ಮಾತಾಡುತ್ತವೆ.

ಹಾಗಾದರೆ ನಿಮ್ಮ ಡ್ರೈವರಿಗೆ?

ಬರೀ ಮೆಮೊರಿಯಲ್ಲಿರುವ ಡಿಸ್ಕಾದರೆ ಏನೂ ಬೇಡ. ಬಾಕಿ ರಿಕ್ವೆಸ್ಟ್ ಎಣಿಸಲು ಡ್ರೈವರಿನಲ್ಲೇ ನಂಬಿಕೆಯ ದಾರಿ ಇದ್ದರೆ ಕ್ವಿಯೆಸ್ ಮಾಡಿ, ಆ ದಾರಿಯಲ್ಲಿ ಕಾಯಿರಿ. ಅಂಥದ್ದಿಲ್ಲದೆ, ನಿದ್ದೆಯ ಆಜ್ಞೆಯೂ ಆ ಕ್ಯೂನಲ್ಲಿ ಹೋಗದಿದ್ದರೆ ಫ್ರೀಜ್, ಕ್ವಿಯೆಸ್, ಫ್ರೀಜ್ ಬಿಡು. ಆಜ್ಞೆ ಅದೇ ಕ್ಯೂನಲ್ಲಿ ಹೋಗುವುದಾದರೆ ಪಿಎಂ-ಓನ್ಲಿ, ಬೇರೆ ದಾರಿಯಿಲ್ಲ. ಸ್ಕಸಿ ಪದರದ ಕೆಳಗೆ ಬರೆಯುತ್ತಿದ್ದರೆ ಈ ಕೆಲಸವನ್ನು ಆ ಪದರ ಆಗಲೇ ಮಾಡಿದೆ, ಮತ್ತೆ ಕಟ್ಟಬೇಡಿ. ಗೊಂದಲವಿದ್ದರೆ ನಿಮ್ಮ ಡಿವೈಸನ್ನು ಹೋಲುವ ಡ್ರೈವರ್ ಕರ್ನಲ್ ಮರದಲ್ಲಿ ಯಾವುದಿದೆ ನೋಡಿ. ಅದರ ಈಗಿನ ರೂಪದ ಜೊತೆ ಬದಲಾವಣೆಯ ಇತಿಹಾಸವನ್ನೂ ಓದಿ. ಕಾರಣಗಳೆಲ್ಲ ಆ ಕಮಿಟ್ ಸಂದೇಶಗಳಲ್ಲೇ ಇರುತ್ತವೆ.

ಆಮೇಲೆ ಪರೀಕ್ಷೆ, ಇದನ್ನು ಬಿಡಲೇಬಾರದು. ಲಾಕ್‌ಡೆಪ್ ಇರುವ 6.13 ಅಥವಾ ಹೊಸ ಕರ್ನಲ್ ಕಟ್ಟಿ. ಸಿಸ್-ಪವರ್ ಫೋಲ್ಡರಿನ ಪಿಎಂ-ಟೆಸ್ಟ್ ಫೈಲಿಗೆ "ಡಿವೈಸಸ್" ಅಂತ ಬರೆದು ಮಾಮೂಲಿನಂತೆ ಸಸ್ಪೆಂಡ್ ಮಾಡಿದರೆ ಯಂತ್ರ ಪೂರ್ತಿ ಮಲಗದೆ, ಡ್ರೈವರ್‌ಗಳನ್ನಷ್ಟೇ ಮಲಗಿಸಿ 5 ಸೆಕೆಂಡ್ ಕಾದು ಎಬ್ಬಿಸುತ್ತದೆ. ಕನ್ಸೋಲ್ ಮಲಗದಂತೆ ಬೂಟ್ ಆಯ್ಕೆ ಕೊಟ್ಟಿರಿ, ಸಿಕ್ಕಿಬಿದ್ದರೆ ಎಲ್ಲಿ ಅಂತ ಕಾಣುತ್ತದೆ. ಎಫ್‌ಐಓ ಎಂಬ, ಡಿಸ್ಕಿಗೆ ಕೆಲಸದ ಹೊರೆ ಹಾಕುವ ಉಪಕರಣವನ್ನು, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವ ರೀತಿಯಲ್ಲಿ ಓಡಿಸುತ್ತಾ, ಕ್ಯೂ ತುಂಬುವಷ್ಟು ರಿಕ್ವೆಸ್ಟ್ ಹಾಕಿ. ಕೆಲಸವಿಲ್ಲದೆ ಸುಮ್ಮನಿರುವ ಡಿಸ್ಕಿನ ಮೇಲೆ ಮಾಡಿದ ಸಸ್ಪೆಂಡ್ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಟ್ಯಾಗ್ ಮುಗಿದಾಗಲೇ ನಿಜ ಹೊರಬರುವುದು. ಅದು ಗೆದ್ದ ಮೇಲೆ ಆರ್‌ಟಿಸಿವೇಕ್ ಬಳಸಿ ನಿಜವಾಗಿ ಮಲಗಿಸಿ ಎಬ್ಬಿಸುವುದನ್ನು ರಾತ್ರಿಯಿಡೀ ಓಡಲು ಬಿಡಿ. ಎನ್‌ವಿಎಂಇ ಆಗಿದ್ದರೆ ಮಲಗುವ ಮುಂಚೆ ಸ್ಮಾರ್ಟ್ ಲಾಗಿನಲ್ಲಿ "ಅನ್‌ಸೇಫ್ ಶಟ್‌ಡೌನ್ಸ್" ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಆ ಅಂಕಿ ಒಂದಾದರೂ ಏರಿದ್ದರೆ, ನಿಮ್ಮ ಡ್ರೈವರ್ ಡಿವೈಸನ್ನು ಮುಚ್ಚುವ ಮುಂಚೆಯೇ ಎಲ್ಲೋ ಕರೆಂಟ್ ಹೋಗಿದೆ.